ಕ್ಲಿಕ್ ಅಪ್‌ಡೇಟ್ ಮಾಡುವ ಮುನ್ನ

ಟರ್ಮಿನಲ್‌ನಲ್ಲಿ ಕಮಾಂಡ್ ಕೊಟ್ಟು ನಡೆಸುವ ಪ್ರೋಗ್ರಾಂ ಬರೆಯಲು ಪೈಥಾನ್‌ನಲ್ಲಿ ‘ಕ್ಲಿಕ್’ ಬಲು ಸಲೀಸಾದ ಲೈಬ್ರರಿ. ಆರ್ಮಿನ್ ರೊನಾಕರ್ ಇದನ್ನು ಹೊರತಂದದ್ದು 2014ರಲ್ಲಿ. ದಾವಣಗೆರೆಯ ಯುಬಿಡಿಟಿಯಲ್ಲೋ ಬಿಐಇಟಿಯಲ್ಲೋ ಓದುವ ಹುಡುಗಿಯೊಬ್ಬಳು ಹರಿಹರದ ಲೇತ್ ವರ್ಕ್‌ಶಾಪ್‌ಗೆ ಇದರಲ್ಲೇ ಬಿಲ್ ಪ್ರೋಗ್ರಾಂ ಮಾಡಿಕೊಟ್ಟಿದ್ದಾಳೆ ಎಂದುಕೊಳ್ಳಿ. ಅದರಲ್ಲಿರುವ ಕ್ಲಿಕ್ ಅನ್ನು ಅಪ್‌ಡೇಟ್ ಮಾಡುವುದು ಹೇಗೆ?

ಮೊದಲು ವರ್ಕ್‌ಶಾಪ್‌ನ ಕಂಪ್ಯೂಟರ್ ನೋಡಿ. ಕ್ಲಿಕ್ 8.2ಕ್ಕೆ ಪೈಥಾನ್ 3.10 ಬೇಕೇ ಬೇಕು. ವಿಂಡೋಸ್ 7ರಲ್ಲಿ ಪೈಥಾನ್ 3.8ಕ್ಕಿಂತ ಮುಂದಿನದು ಕೂರುವುದಿಲ್ಲ. ಅಂಥ ಕಡೆ 8.1ಕ್ಕೇ ನಿಲ್ಲಿಸಿ.

‘ಪಿಪ್ ಶೋ ಕ್ಲಿಕ್’ ಎಂದರೆ ಈಗಿನ ಆವೃತ್ತಿ ತಿಳಿಯುತ್ತದೆ. ‘ಪಿಪ್ ಫ್ರೀಜ್’ ಕೊಡುವ ಪಟ್ಟಿಯನ್ನು ಫೈಲಿನಲ್ಲಿ ಉಳಿಸಿ. ಆಮೇಲೆ ನಿಮ್ಮದೇ ಲ್ಯಾಪ್‌ಟಾಪ್‌ನಲ್ಲಿ, ಅದೇ ಪೈಥಾನ್ ಆವೃತ್ತಿಯಲ್ಲಿ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಂಡು ಆ ಪಟ್ಟಿಯಿಂದಲೇ ಎಲ್ಲವನ್ನೂ ಹಾಕಿ. ದುಡಿಯುವ ಕಂಪ್ಯೂಟರ್ ಮೇಲೆ ಪ್ರಯೋಗ ಬೇಡವೇ ಬೇಡ.

7.1ರಲ್ಲಿದ್ದರೆ ಒಮ್ಮೆಲೇ ಮೇಲಕ್ಕೆ ಹಾರಬೇಡಿ. ನನ್ನ ಮಟ್ಟಿಗೆ ಇಡೀ ಕೆಲಸದ ಜೀವಾಳ ಇದೇ. ಮೊದಲು 8.0 ಹಾಕಿ, ಎಚ್ಚರಿಕೆಗಳು ಕಾಣುವಂತೆ ಪೈಥಾನ್‌ಗೆ ಡ್ಯಾಶ್ ಡಬ್ಲ್ಯೂ ಡಿಫಾಲ್ಟ್ ಕೊಟ್ಟು ಪ್ರೋಗ್ರಾಂ ಓಡಿಸಿ. ಉದಾಹರಣೆಗೆ, ‘ಆಟೋಕಂಪ್ಲೀಷನ್’ ಬಳಸಿದ್ದರೆ ಅದರ ಹೆಸರು ‘ಶೆಲ್ ಕಂಪ್ಲೀಟ್’ ಆಗಿದೆ ಎಂದು 8.0 ಬರೀ ಎಚ್ಚರಿಸುತ್ತದೆ; 8.1ರಲ್ಲಿ ಹಳೆಯದನ್ನು ತೆಗೆದೇ ಹಾಕಿದ್ದಾರೆ. ಎಚ್ಚರಿಕೆಗಳನ್ನೆಲ್ಲ ಸರಿಪಡಿಸಿ 8.1ಕ್ಕೆ ಹೋಗಿ. 8.2ಕ್ಕೆ ಹೋಗುವವರು ಟೆಸ್ಟ್‌ಗಳಲ್ಲಿ ‘ಮಿಕ್ಸ್ ಎಸ್‌ಟಿಡಿಇಆರ್‌ಆರ್’ ಇದ್ದರೆ ತೆಗೆಯಬೇಕು.

ನಿಮ್ಮ ಕೋಡ್ ಸರಿಯಿದ್ದರೆ ಸಾಲದು, ಜೊತೆಗಿರುವ ಲೈಬ್ರರಿಗಳೂ ಒಪ್ಪಬೇಕು. 2022ರ ಮಾರ್ಚ್‌ನಲ್ಲಿ 8.1 ಬಂದಾಗ ಕೋಡ್ ಒಪ್ಪ ಮಾಡುವ ‘ಬ್ಲ್ಯಾಕ್’ ಉಪಕರಣ ಹಲವರಲ್ಲಿ ಏಕಾಏಕಿ ನಿಂತಿತು. ಕ್ಲಿಕ್‌ನ ಒಳಗಿನ ಒಂದು ಮಾಡ್ಯೂಲನ್ನು ಅದು ನೆಚ್ಚಿಕೊಂಡಿತ್ತು, ಆ ಮಾಡ್ಯೂಲೇ ಹೋಗಿತ್ತು. ಬ್ಲ್ಯಾಕ್ 22.3 ಬಂದ ಮೇಲೆ ಸರಿಹೋಯಿತು. ‘ಪಿಪ್ ಚೆಕ್’ ಆವೃತ್ತಿಗಳ ತಾಳಮೇಳ ತಪ್ಪಿದ್ದರೆ ಹೇಳುತ್ತದೆ, ಆದರೆ ಇಂಥದ್ದು ಅದರ ಕಣ್ಣಿಗೆ ಬೀಳದು. ಓಡಿಸಿಯೇ ನೋಡಬೇಕು.

ನಿಜವಾದ ಹಳೇ ಬಿಲ್ ಒಂದನ್ನು ಮತ್ತೆ ತೆಗೆಯಿರಿ. ಮೊತ್ತದ ಜಾಗದಲ್ಲಿ ಅಕ್ಷರ ಕೊಟ್ಟು ನೋಡಿ, ಹೆಲ್ಪ್ ತೆರೆಯಿರಿ. ಎಲ್ಲ ಸರಿಯಿದ್ದರೆ ಪಟ್ಟಿಯಲ್ಲಿ ಕ್ಲಿಕ್‌ನ ಪೂರ್ತಿ ಆವೃತ್ತಿ ಸಂಖ್ಯೆ ಬರೆದಿಡಿ. ಹರಿಹರಕ್ಕೆ ಹೋಗಿ ಸರಿಪಡಿಸಿದ ಪ್ರೋಗ್ರಾಂ ಅನ್ನು ಆ ಪಟ್ಟಿಯ ಸಮೇತ ಬೇರೆ ಫೋಲ್ಡರಿನಲ್ಲಿ ಹಾಕಿ. ಒಂದು ತಿಂಗಳ ಬಿಲ್‌ಗಳೆಲ್ಲ ಸರಿಯಾಗಿ ಬರುವವರೆಗೆ ಹಳೆಯ ಫೋಲ್ಡರ್ ಅಳಿಸಬೇಡಿ.