ಮರ್ಖಾ ಕಣಿವೆಗೆ ಹೊರಡುವ ಮುನ್ನ

ಹಿಮಾಲಯದ ಚಾರಣಕ್ಕೆ ಮೊದಲ ಸಲ ಹೊರಟವರ ಪ್ರಶ್ನೆಗಳು ಹೆಚ್ಚಾಗಿ ಬೂಟು, ಜಾಕೆಟ್, ಬ್ಯಾಗುಗಳ ಸುತ್ತಲೇ ತಿರುಗುತ್ತವೆ. ಅವಕ್ಕೆ ಅಂಗಡಿಯವರೂ ಉತ್ತರ ಕೊಡಬಲ್ಲರು. ಹೊಸಬರ ಜೊತೆ ಕೂತಾಗ ನಾನು ಮೊದಲು ಮಾತಾಡುವುದು ಉಸಿರಿನ ಬಗ್ಗೆ, ಆಮೇಲೆ ಗೈಡ್ ಬಗ್ಗೆ. ಈ ಎರಡು ಮನಸ್ಸಿಗೆ ಇಳಿದರೆ ಉಳಿದದ್ದನ್ನು ದಾರಿಯೇ ಕಲಿಸುತ್ತದೆ. ಹಿಮಾಲಯ ದೊಡ್ಡದು, ಎಲ್ಲವನ್ನೂ ಒಟ್ಟಿಗೆ ಹೇಳಹೊರಟರೆ ಯಾವುದೂ ತಲೆಯಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಒಂದೇ ಕಣಿವೆಯನ್ನು ಹಿಡಿದುಕೊಳ್ಳೋಣ, ಲಡಾಖಿನ ಮರ್ಖಾ.

ಲೇಹ್ ಪಟ್ಟಣದ ದಕ್ಷಿಣಕ್ಕೆ, ಸ್ತೋಕ್ ಮತ್ತು ಝನ್ಸ್ಕಾರ್ ಪರ್ವತಸಾಲುಗಳ ನಡುವೆ ಹರಿಯುವ ಮರ್ಖಾ ನದಿ ಕೊನೆಗೆ ಝನ್ಸ್ಕಾರ್ ನದಿಯನ್ನು ಸೇರುತ್ತದೆ. ಕಣಿವೆ ಇರುವುದು 1981ರಲ್ಲಿ ರೂಪುಗೊಂಡ ಹೆಮಿಸ್ ರಾಷ್ಟ್ರೀಯ ಉದ್ಯಾನದೊಳಗೆ. ಚಾರಣಿಗರು ಸಾಮಾನ್ಯವಾಗಿ ಚಿಲಿಂಗ್ ಎಂಬ ಊರಿನ ಕಡೆಯಿಂದ ಹೊಕ್ಕು, ನದಿಯ ಗುಂಟ ಸ್ಕಿಯು, ಮರ್ಖಾ, ಹಂಕರ್ ಹಳ್ಳಿಗಳನ್ನು ಹಾದು, ನೀಮಾಲಿಂಗ್ ಹುಲ್ಲುಗಾವಲಿಗೆ ಏರಿ, ಕೊಂಗ್ಮಾರು ಲಾ ಎಂಬ ಪಾಸ್ ದಾಟಿ ಶಾಂಗ್ ಸುಮ್ದೊ ಕಡೆಗೆ ಇಳಿಯುತ್ತಾರೆ. ರಸ್ತೆ ವರ್ಷ ವರ್ಷವೂ ಕಣಿವೆಯೊಳಕ್ಕೆ ಸರಿಯುತ್ತಿರುವುದರಿಂದ ನಡಿಗೆ ಎಲ್ಲಿಂದ ಶುರು ಎಂಬುದನ್ನು ಆಯಾ ವರ್ಷವೇ ಕೇಳಿಕೊಳ್ಳಬೇಕು. ಚಿಲಿಂಗ್‌ನಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಅದು ಕಂಚುಗಾರರ ಊರು. ಶೇ ಎಂಬಲ್ಲಿನ ದೊಡ್ಡ ಬುದ್ಧನ ಮೂರ್ತಿಯನ್ನು ಮಾಡಲು 17ನೇ ಶತಮಾನದಲ್ಲಿ ನೇಪಾಳದಿಂದ ಕರೆತಂದ ಕುಶಲಕರ್ಮಿಗಳ ವಂಶದವರು ಅಲ್ಲಿ ನೆಲೆಸಿದರು.

ಈ ದಾರಿಯಲ್ಲಿ ಹಗ್ಗ ಹಿಡಿದು ಹತ್ತುವ ಬಂಡೆಗಳಿಲ್ಲ. ಬೇಸಿಗೆಯಲ್ಲಿ ಹಿಮದ ಮೇಲೆ ನಡೆಯುವ ಪ್ರಸಂಗವೂ ಕಡಿಮೆ. ಕುಮಾರ ಪರ್ವತವನ್ನು ಹತ್ತಿ ಇಳಿದವರ ಕಾಲಿಗೆ ಇಲ್ಲಿನ ಹೆಚ್ಚಿನ ದಿನಗಳು ಸುಲಭವೆನಿಸುತ್ತವೆ. ಕಷ್ಟವಿರುವುದು ಎತ್ತರದಲ್ಲಿ. ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ನೀವು ವಿಮಾನ ಇಳಿದು ಮಲಗುವ ಲೇಹ್ ಪಟ್ಟಣವೇ ಸುಮಾರು 3,500 ಮೀಟರಿನಲ್ಲಿದೆ. ಹಂಕರ್ ಸುಮಾರು 4,000, ನೀಮಾಲಿಂಗ್ ಸುಮಾರು 4,800, ಪಾಸ್ ಸುಮಾರು 5,200.

ಎತ್ತರಕ್ಕೆ ಹೋದರೆ ಗಾಳಿಯಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ ಎನ್ನುತ್ತೇವೆ. ಇದನ್ನು ಇನ್ನೂ ಸ್ವಲ್ಪ ಸರಿಯಾಗಿ ತಿಳಿದುಕೊಳ್ಳಬೇಕು. ಆಮ್ಲಜನಕದ ಪಾಲು ಮಂಗಳೂರಿನಲ್ಲೂ ಕೊಂಗ್ಮಾರು ಲಾದಲ್ಲೂ ಶೇ 21ರಷ್ಟೇ. ಇಳಿಯುವುದು ಗಾಳಿಯ ಒತ್ತಡ. ಲೇಹ್‌ನಲ್ಲಿ ಒತ್ತಡ ಸಮುದ್ರಮಟ್ಟದ ಸುಮಾರು ಮೂರರಲ್ಲಿ ಎರಡು ಪಾಲು, ಪಾಸಿನ ಮೇಲೆ ಅರ್ಧಕ್ಕಿಂತ ತುಸು ಹೆಚ್ಚು. ಒಂದು ಉಸಿರಿಗೆ ಒಳಗೆ ಹೋಗುವ ಆಮ್ಲಜನಕವೂ ಅಷ್ಟೇ ಇಳಿಯುತ್ತದೆ. ಮೈ ಇದಕ್ಕೆ ತನ್ನದೇ ದಾರಿ ಹುಡುಕಿಕೊಳ್ಳುತ್ತದೆ. ಉಸಿರಾಟ ಚುರುಕಾಗುತ್ತದೆ, ಎದೆಬಡಿತ ಏರುತ್ತದೆ, ಮೂತ್ರ ಹೆಚ್ಚು ಹೋಗುತ್ತದೆ. ರಾತ್ರಿ ನಿದ್ದೆಯಲ್ಲಿ ಉಸಿರು ಕೆಲವು ಕ್ಷಣ ನಿಂತು ಮತ್ತೆ ಜೋರಾಗಿ ಬರಬಹುದು. ಪಕ್ಕದವರು ಗಾಬರಿಯಾಗುತ್ತಾರೆ, ಆದರೆ ಅಷ್ಟರಿಂದಲೇ ಭಯಪಡಬೇಕಾಗಿಲ್ಲ. ಈ ಹೊಂದಾಣಿಕೆಗೆ ದಿನಗಳು ಬೇಕು. ವ್ಯಾಯಾಮ ಮಾಡಿ ಗಟ್ಟಿಯಾದವರಿಗೂ ಅಷ್ಟೇ ದಿನ ಬೇಕು. ಮ್ಯಾರಥಾನ್ ಓಡುವ ಹುಡುಗ ತಲೆ ಹಿಡಿದು ಕೂತಿರುವಾಗ ಐವತ್ತೈದು ದಾಟಿದ ಅವನ ಚಿಕ್ಕಮ್ಮ ಆರಾಮಾಗಿ ಚಹಾ ಕುಡಿಯುತ್ತಿರುವುದು ಸಾಧ್ಯ. ಎತ್ತರ ತಾಗಿ ಯಾರು ಕಾಯಿಲೆ ಬೀಳುತ್ತಾರೆ, ಯಾರು ಇಲ್ಲ ಎಂದು ಮೊದಲೇ ಹೇಳಲಾಗದು.

ಈ ಕಾಯಿಲೆಯ ಬಗ್ಗೆ ಜಗತ್ತು ಕಲಿತದ್ದರಲ್ಲಿ ಒಂದು ಪಾಲು ನಮ್ಮ ಸೈನಿಕರಿಂದ ಬಂದದ್ದು. ಚೀನಾ ಜೊತೆಗಿನ 1962ರ ಯುದ್ಧದ ಹೊತ್ತಿಗೆ ಬಯಲುಸೀಮೆಯ ಸೈನಿಕರನ್ನು ಹೊಂದಿಕೊಳ್ಳಲು ಸಮಯವಿಲ್ಲದಂತೆ ಎತ್ತರಕ್ಕೆ ಸಾಗಿಸಬೇಕಾಯಿತು. ಹಾಗೆ ಕಾಯಿಲೆ ಬಿದ್ದ 1,925 ಸೈನಿಕರ ವಿವರಗಳನ್ನು ಸೇನೆಯ ವೈದ್ಯ ಇಂದರ್ ಸಿಂಗ್ ಮತ್ತು ಸಹೋದ್ಯೋಗಿಗಳು 1969ರಲ್ಲಿ ಪ್ರಕಟಿಸಿದರು. ಇಂದಿಗೂ ವೈದ್ಯರು ಆ ಲೇಖನವನ್ನು ನೆನೆಯುತ್ತಾರೆ. ಲೇಹ್‌ಗೆ ಮೊದಲ ವಿಮಾನ ಇಳಿದ ಕತೆಯಲ್ಲಿ ನಮ್ಮ ಕೊಡಗಿನವರೂ ಇದ್ದಾರೆ. 1948ರ ಮೇ 24ರಂದು ಮೆಹರ್ ಸಿಂಗ್ ಡಕೋಟಾ ವಿಮಾನವನ್ನು ಅಲ್ಲಿ ಇಳಿಸಿದಾಗ ಒಳಗಿದ್ದವರು ಜನರಲ್ ತಿಮ್ಮಯ್ಯ. ಆ ರನ್‌ವೇಯನ್ನು ಅವಸರದಲ್ಲಿ ಸಿದ್ಧಪಡಿಸಿದ ಲಡಾಖಿ ಎಂಜಿನಿಯರ್ ಸೋನಂ ನೋರ್ಬು. ಲೇಹ್‌ನ ದೊಡ್ಡ ಆಸ್ಪತ್ರೆಗೆ ಇಂದು ಅವರದೇ ಹೆಸರು. ವಿಮಾನದಲ್ಲಿ ಬಂದು ಎತ್ತರ ತಾಗಿದ ಪ್ರವಾಸಿಗರು ಹೋಗುವುದು ಅಲ್ಲಿಗೇ. ಆ ಹೆಸರನ್ನು ನೆನಪಿಟ್ಟುಕೊಳ್ಳಿ.

ಬೆಂಗಳೂರಿನಿಂದ ಹೊರಟವರು ಅದೇ ದಿನ ಲೇಹ್ ತಲುಪಬಹುದು. ಹಾಗೆ ಬಂದವರು ಮೊದಲ ಎರಡು ದಿನ ಏನೂ ಮಾಡಬೇಡಿ ಎಂದು ನಾನು ಕೈಮುಗಿದು ಕೇಳುತ್ತೇನೆ. ಮೂರು ದಿನವಾದರೆ ಇನ್ನೂ ಒಳ್ಳೆಯದು. ಮಾರುಕಟ್ಟೆಯಲ್ಲಿ ಮೆಲ್ಲಗೆ ಓಡಾಡಿ, ನೀರು ಕುಡಿಯಿರಿ, ಮದ್ಯ ಬೇಡ, ನಿದ್ದೆ ಮಾತ್ರೆ ಬೇಡ. 3,000 ಮೀಟರಿನ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು ಎಂಬುದು ವೈದ್ಯರ ಸಾಮಾನ್ಯ ಸಲಹೆ. ಅಸೆಟಜೋಲಮೈಡ್ ಮಾತ್ರೆ ಕೆಲವರಿಗೆ ಸಹಾಯ ಮಾಡುತ್ತದೆ. ಆದರೆ ಸಲ್ಫಾ ಅಲರ್ಜಿ ಇರುವವರು ಎಚ್ಚರ ವಹಿಸಬೇಕು, ಹಾಗಾಗಿ ಊರಿನಲ್ಲೇ ನಿಮ್ಮ ವೈದ್ಯರನ್ನು ಕೇಳಿ ಬನ್ನಿ. ತಲೆನೋವು, ವಾಕರಿಕೆ, ಊಟ ಸೇರದಿರುವುದು, ಸುಸ್ತು ಇವು ಮೊದಲ ಸೂಚನೆಗಳು. ಇಷ್ಟಾದರೆ ಅಲ್ಲೇ ನಿಲ್ಲಬೇಕು, ಮೇಲೆ ಹೋಗಬಾರದು. ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ತೂರಾಡುವ ನಡಿಗೆ, ತಡವರಿಸುವ ಮಾತು ಕಂಡರೆ ಮಿದುಳು ಊದುತ್ತಿರಬಹುದು. ಈ ಎರಡರಲ್ಲೂ ಬೆಳಗಾಗಲಿ ಎಂದು ಕಾಯುವಂತಿಲ್ಲ, ಆಗಲೇ ಕೆಳಗಿಳಿಯಬೇಕು.

ಈಗ ಗೈಡ್ ವಿಷಯ. ಮರ್ಖಾದಲ್ಲಿ ದಾರಿ ತಪ್ಪುವುದು ಕಷ್ಟ. ಹಾಗಿದ್ದರೆ ಅವರಿಗೆ ಹಣ ಏಕೆ ಕೊಡಬೇಕು ಎಂದು ಕೆಲವರು ಕೇಳುತ್ತಾರೆ. ಒಳ್ಳೆಯ ಗೈಡ್ ಬೆಳಗಿನಿಂದ ರಾತ್ರಿಯವರೆಗೆ ನಿಮ್ಮನ್ನು ನೋಡುತ್ತಿರುತ್ತಾರೆ. ನಿನ್ನೆ ಎರಡು ಸಲ ಅನ್ನ ಹಾಕಿಸಿಕೊಂಡವರು ಇಂದು ತಟ್ಟೆ ಸರಿಸಿದರೆ ಅವರಿಗೆ ಕಾಣುತ್ತದೆ. ಹರಟೆ ಹೊಡೆಯುತ್ತಿದ್ದವರು ಮೌನವಾದರೆ, ಬೂಟಿನ ಲೇಸು ಕಟ್ಟಲು ತಡಕಾಡಿದರೆ, ಹಿಂದೆ ಬಿದ್ದರೆ ಕಾಣುತ್ತದೆ. ಬೆರಳಿಗೆ ಆಕ್ಸಿಮೀಟರ್ ಹಾಕುವುದು ಆ ಮೇಲಿನ ಮಾತು. ನಡಿಗೆಯ ವೇಗವನ್ನೂ ಅವರೇ ಇಡುತ್ತಾರೆ. ಉತ್ಸವದಲ್ಲಿ ಪಲ್ಲಕ್ಕಿಯ ಹಿಂದೆ ನಡೆಯುವಷ್ಟು ನಿಧಾನ ಅದು, ಅವರನ್ನು ದಾಟಿ ಮುಂದೆ ಹೋಗಬೇಡಿ.

ಆದರೆ ಗೈಡ್ ಕಣ್ಣಿಗೆ ಬೀಳದ್ದೂ ಇದೆ, ಅದನ್ನು ನೀವೇ ಬಾಯಿಬಿಟ್ಟು ಹೇಳಬೇಕು. ನಮ್ಮವರಿಗೆ ಇದು ಕಷ್ಟ. ಯಾರಾದರೂ ಹೇಗಿದ್ದೀರಿ ಎಂದರೆ ಜ್ವರ ಬಂದಿದ್ದರೂ ಏನಿಲ್ಲ, ಪರವಾಗಿಲ್ಲ ಎಂದೇ ನಮ್ಮ ಬಾಯಿಗೆ ಬರುತ್ತದೆ. ತನ್ನಿಂದ ಬೇರೆಯವರಿಗೆ ತೊಂದರೆಯಾಗಬಾರದು ಎಂಬ ಒಳ್ಳೆಯ ಸಂಕೋಚ ಅದು. ಬೆಟ್ಟದಲ್ಲಿ ಅದೇ ಸಂಕೋಚ ಪ್ರಾಣಕ್ಕೆ ಕುತ್ತಾಗುತ್ತದೆ. ಜೊತೆಗೆ ರಜೆ ಮುಗಿಯುವ ಆತಂಕ, ವಾಪಸು ಟಿಕೆಟ್, ಗೆಳೆಯರ ಉತ್ಸಾಹ. ತಲೆ ನೋಯುತ್ತಿದ್ದರೆ ನೋಯುತ್ತಿದೆ ಎನ್ನಿ. ರಾತ್ರಿ ವಾಂತಿಯಾದದ್ದನ್ನು, ಮಾತ್ರೆ ನುಂಗಿದ್ದನ್ನು, ಬಿಪಿ ಇರುವುದನ್ನು ಹೇಳಿ. ಹಿಂದಿಯಲ್ಲಿ ಮಾತು ಬಾರದಿದ್ದರೆ ಕೈಸನ್ನೆ ಸಾಕು. ನಾನು ಕಂಡ ಲಡಾಖಿ ಗೈಡ್‌ಗಳಲ್ಲಿ ಇದನ್ನು ಕೇಳಿ ಸಿಡುಕಿದವರಿಲ್ಲ.

ಬುಕ್ ಮಾಡುವಾಗ ಆಯೋಜಕರನ್ನು ನೇರವಾಗಿ ಕೇಳಿ. ಲೇಹ್‌ನಲ್ಲಿ ಎಷ್ಟು ರಾತ್ರಿ? ಆಮ್ಲಜನಕದ ಸಿಲಿಂಡರ್ ಬರುತ್ತದೆಯೇ? ಗೈಡ್‌ಗೆ ಪ್ರಥಮ ಚಿಕಿತ್ಸೆಯ ತರಬೇತಿ ಆಗಿದೆಯೇ? ಒಬ್ಬರು ಹಿಂದಿರುಗಬೇಕಾದರೆ ಅವರ ಜೊತೆ ಯಾರು ಬರುತ್ತಾರೆ? ಕೊನೆಯ ಪ್ರಶ್ನೆಗೆ ತಡವರಿಸಿದರೆ ಬೇರೆಯವರನ್ನು ಹುಡುಕಿ. ಹೊರಗಿನ ಪ್ರಿಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯುವುದಿಲ್ಲ. ಪೋಸ್ಟ್‌ಪೇಯ್ಡ್ ಇದ್ದರೂ ಕಣಿವೆಯೊಳಗೆ ಅದನ್ನು ನಂಬಿ ಕೂರುವಂತಿಲ್ಲ. ಸ್ಯಾಟಲೈಟ್ ಫೋನನ್ನು ಅನುಮತಿಯಿಲ್ಲದೆ ಒಯ್ಯುವುದು ನಮ್ಮ ದೇಶದಲ್ಲಿ ಕಾನೂನುಬಾಹಿರ. ಸಹಾಯ ಬೇಕೆಂದರೆ ಒಬ್ಬ ಮನುಷ್ಯ ನಡೆದೋ ಕುದುರೆಯ ಮೇಲೋ ಹೋಗಿ ಸುದ್ದಿ ಮುಟ್ಟಿಸಬೇಕಾಗಬಹುದು.

ಮರ್ಖಾದ ಸೊಗಸು ಅಲ್ಲಿನ ಮನೆಗಳು. ಅವು ಚಾರಣಿಗರಿಗೆ ಬಾಗಿಲು ತೆರೆದದ್ದರ ಹಿಂದೆ ಹಿಮಚಿರತೆಯ ಕತೆಯಿದೆ. ಹಿಮಚಿರತೆ ದೊಡ್ಡಿಗೆ ನುಗ್ಗಿ ಒಂದೇ ರಾತ್ರಿ ಹತ್ತಾರು ಕುರಿ ಆಡುಗಳನ್ನು ಕೊಲ್ಲುವುದಿತ್ತು, ಸಿಟ್ಟಾದ ಹಳ್ಳಿಯವರು ಅದನ್ನು ಕೊಲ್ಲುವುದೂ ಇತ್ತು. ರಿಂಚೆನ್ ವಾಂಗ್ಚುಕ್ ಮತ್ತು ಹಿಮಚಿರತೆ ಸಂರಕ್ಷಣೆಯ ಅವರ ಸಂಸ್ಥೆ 2000ರ ದಶಕದ ಆರಂಭದಲ್ಲಿ ಹಳ್ಳಿಗರ ಜೊತೆ ಕೂತು ಎರಡು ಕೆಲಸ ಮಾಡಿದರು. ದೊಡ್ಡಿಗಳಿಗೆ ತಂತಿಬಲೆಯ ಮಾಡು ಹಾಕಿಸಿದರು, ಚಾರಣಿಗರು ಮನೆಗಳಲ್ಲೇ ತಂಗುವ ಹೋಂಸ್ಟೇ ವ್ಯವಸ್ಥೆ ಶುರುಮಾಡಿಸಿದರು. ಅದರ ಯಜಮಾನಿಕೆ ಹೆಚ್ಚಾಗಿ ಹೆಂಗಸರದು. ಹಿಮಚಿರತೆ ಜೀವಂತವಿದ್ದರೆ ಊರಿಗೆ ಆದಾಯ ಎಂಬ ಲೆಕ್ಕ ಅಲ್ಲಿ ಹುಟ್ಟಿತು. ಬೇಸಿಗೆಯಲ್ಲಿ ನಿಮಗೆ ಹಿಮಚಿರತೆ ಕಾಣುವ ಸಂಭವ ತೀರಾ ಕಡಿಮೆ, ಅದರ ಆಹಾರವಾದ ಭರಲ್ ಎಂಬ ಕಾಡುಕುರಿಗಳು ಇಳಿಜಾರಿನಲ್ಲಿ ಕಾಣಬಹುದು. ಡೇರೆ ಹಾಕುವ ತಂಡ ಸಿಕ್ಕಿದರೂ ಒಂದೆರಡು ರಾತ್ರಿ ಮನೆಯಲ್ಲೇ ಕಳೆಯುವ ಏರ್ಪಾಡು ಮಾಡಿಸಿಕೊಳ್ಳಿ. ಒಲೆಯ ಪಕ್ಕ ಕೂತು ಸ್ಕಿಯು ತಿನ್ನಿ. ಗೋಧಿ ಹಿಟ್ಟಿನ ಸಣ್ಣ ತುಣುಕುಗಳನ್ನು ಹೆಬ್ಬೆರಳಿನಿಂದ ಒತ್ತಿ ತರಕಾರಿ ಜೊತೆ ಬೇಯಿಸಿದ ಊಟ ಅದು, ಸಸ್ಯಾಹಾರಿಗಳಿಗೂ ಒಗ್ಗುತ್ತದೆ. ಶೌಚಾಲಯ ಒಣ ಗುಂಡಿಯದು. ನಮ್ಮ ಅಭ್ಯಾಸದಂತೆ ನೀರು ಸುರಿದರೆ ಗೊಬ್ಬರ ಕೆಡುತ್ತದೆ, ಪಕ್ಕದಲ್ಲಿಟ್ಟ ಮಣ್ಣನ್ನು ಸಲಿಕೆಯಿಂದ ಎಳೆದು ಹಾಕಬೇಕು. ದಾರಿಯಲ್ಲಿ ಮಂತ್ರ ಕೆತ್ತಿದ ಕಲ್ಲುಗಳ ಮಣಿ ಗೋಡೆ ಬಂದರೆ ಅದು ನಿಮ್ಮ ಬಲಕ್ಕಿರುವಂತೆ ದಾಟಿ. ಎದುರಾದವರಿಗೆಲ್ಲ ಜುಲೇ ಎನ್ನಿ.

ಹೊಳೆ ದಾಟುವುದನ್ನು ಬೆಳಗ್ಗೆಯೇ ಮುಗಿಸಬೇಕು. ಬಿಸಿಲೇರಿದಂತೆ ಮೇಲೆ ಹಿಮ ಕರಗಿ, ಬೆಳಗ್ಗೆ ಮೊಣಕಾಲು ಮಟ್ಟ ಇದ್ದ ನೀರು ಸಂಜೆಗೆ ತೊಡೆ ಮುಟ್ಟುತ್ತದೆ. ಗೈಡ್ ನಸುಕಿನಲ್ಲಿ ಎಬ್ಬಿಸುವುದಕ್ಕೆ ಇದೂ ಒಂದು ಕಾರಣ.

ಇನ್ನು ನೀಮಾಲಿಂಗ್. ಹಳ್ಳಿಯವರು ಬೇಸಿಗೆಯಲ್ಲಿ ಯಾಕ್, ಕುರಿಗಳನ್ನು ಹೊಡೆದುಕೊಂಡು ಬರುವ ಬಯಲು ಅದು, ನೆತ್ತಿಯ ಮೇಲೆ ಸುಮಾರು 6,400 ಮೀಟರಿನ ಕಾಂಗ್ ಯಾತ್ಸೆ ಶಿಖರ. ಇಡೀ ದಾರಿಯಲ್ಲಿ ಅತಿ ಸುಂದರವಾದ ತಂಗುದಾಣ ಅದೇ, ಅತಿ ಯೋಚಿಸಬೇಕಾದದ್ದೂ ಅದೇ. ಅಲ್ಲಿ ರಾತ್ರಿ ಆರೋಗ್ಯ ಕೆಟ್ಟರೆ ಮುಂದಿನ ದಾರಿ ಇಳಿಜಾರಲ್ಲ. ಮೊದಲು ಇನ್ನೂ 400 ಮೀಟರ್ ಏರಿ ಪಾಸ್ ಮುಟ್ಟಬೇಕು. ಹಿಂದಕ್ಕೆ ಹೋದರೆ ಹಂಕರ್‌ವರೆಗೆ ಕೆಲವು ಗಂಟೆಗಳ ನಡಿಗೆ, ಆದರೆ ಪ್ರತಿ ಹೆಜ್ಜೆಯೂ ಕೆಳಕ್ಕೆ. ಹೇಗೂ ನಾಳೆ ದಾಟಿಬಿಡುತ್ತೇವಲ್ಲ ಎಂದು ಕಾಯಿಲೆಯವರನ್ನು ಮೇಲಕ್ಕೆ ಹತ್ತಿಸುವುದು ತಪ್ಪು. ಅನುಭವಿ ಗೈಡ್‌ಗಳು ಈ ತೀರ್ಮಾನವನ್ನು ಹಂಕರ್‌ನಲ್ಲಿ ಅಥವಾ ಅದರ ಮೇಲಿನ ಥಾಚುಂಗ್ತ್ಸೆಯಲ್ಲೇ ಮಾಡುತ್ತಾರೆ. ಅಲ್ಲಿ ತಲೆನೋವು ಇಳಿಯದಿದ್ದರೆ ಇನ್ನೊಂದು ರಾತ್ರಿ ಅಲ್ಲೇ. ಆ ಒಂದು ದಿನಕ್ಕಾಗಿ ವಾಪಸು ವಿಮಾನವನ್ನು ಎರಡು ದಿನ ಮುಂದಕ್ಕೆ ಇಟ್ಟುಕೊಂಡು ಬನ್ನಿ.

ಪಾಸನ್ನು ಮಧ್ಯಾಹ್ನದೊಳಗೆ ದಾಟಬೇಕು. ಮೇಲೆ ಪ್ರಾರ್ಥನಾ ಪತಾಕೆಗಳ ಬಳಿ ಫೋಟೋ ತೆಗೆದುಕೊಳ್ಳಿ, ಹೆಚ್ಚು ಹೊತ್ತು ಕೂರಬೇಡಿ. ಇಳಿಜಾರು ಕಡಿದಾಗಿದ್ದು ಮಂಡಿಗೆ ಭಾರ, ಆ ಮೇಲೆ ಇಕ್ಕಟ್ಟಾದ ಕಮರಿಯಲ್ಲಿ ಒಂದೇ ತೊರೆಯನ್ನು ಮತ್ತೆ ಮತ್ತೆ ದಾಟಬೇಕಾಗುತ್ತದೆ. ಎರಡು ಊರುಗೋಲು ಇಲ್ಲಿ ಬಹಳ ಉಪಕಾರಿ. ರಸ್ತೆ ಸಿಕ್ಕಿದ ಕಡೆ ನಿಮ್ಮ ಜೀಪು ಕಾಯುತ್ತಿರುತ್ತದೆ. ಸಾಮಾನು ಹೊರಿಸಿಕೊಂಡು ಬಂದ ಕುದುರೆಯವರು ನಿಮ್ಮ ಜೊತೆ ಲೇಹ್‌ಗೆ ಬರುವುದಿಲ್ಲ, ಅಲ್ಲಿಂದಲೇ ಬೇರೆ ದಾರಿ ಹಿಡಿಯುತ್ತಾರೆ. ಕಣಿವೆಯಲ್ಲಿ ಎಟಿಎಂ ಇಲ್ಲದ್ದರಿಂದ ಅವರಿಗೆ, ಅಡುಗೆಯವರಿಗೆ ಕೊಡಬೇಕೆಂದುಕೊಂಡ ಹಣವನ್ನು ಲೇಹ್‌ನಲ್ಲೇ ಬೇರೆ ಬೇರೆ ಲಕೋಟೆಯಲ್ಲಿ ಹಾಕಿಟ್ಟುಕೊಂಡಿರಿ, ಹೆಸರು ಹಿಡಿದು ಕರೆದು ಅವರ ಕೈಗೇ ಕೊಡಿ.