ಅಗ್ಗದ ಪ್ಲಾಟು, ಹಳ್ಳದ ದಂಡೆ



ಸ್ವಂತ ಮನೆ ಅಂದರೆ ಎಲ್ಲರಿಗೂ ಆಸೆ. ಬಾಡಿಗೆ ಮನೆಯಲ್ಲಿ ಇದ್ದವರಿಗೆ, ಗುಳೆ ಹೋಗಿ ತಗಡಿನ ಶೆಡ್ಡಿನಲ್ಲಿ ಮಲಗಿ ಬಂದವರಿಗೆ ಆ ಆಸೆ ಇನ್ನೂ ದೊಡ್ಡದು. ಈ ಪಾಠದಲ್ಲಿ ನಾವು ಜಾಗ ಕೊಳ್ಳುವ ವಿಚಾರ ಓದೋಣ. ಓದಿ, ಕೂತು ಮಾತಾಡೋಣ.

ಸಂಚಕಾರ ನಾಳೆಗೇ ಬೇಕಂತೆ

ನಮ್ಮ ಕೇಂದ್ರಕ್ಕೆ ಬರುವ ಅಕ್ಕ ಒಬ್ಬಳಿದ್ದಾಳೆ. ಗಂಡನ ಜೊತೆ ಮೂರು ವರ್ಷ ಬೆಂಗಳೂರಿಗೆ ಗುಳೆ ಹೋಗಿದ್ದಳು. ಕಟ್ಟಡದ ಕೆಲಸದಲ್ಲಿ ಇಟ್ಟಂಗಿ ಹೊತ್ತಳು. ಮಕ್ಕಳನ್ನು ಅತ್ತೆ ನೋಡಿಕೊಂಡಳು. ಹೊಟ್ಟೆ ಬಟ್ಟೆ ಕಟ್ಟಿ ರೊಕ್ಕ ಉಳಿಸಿದಳು.

ಒಂದು ಸಂಜೆ ಅವಳು ಓಡುತ್ತ ಬಂದಳು.

"ಅಕ್ಕೋರೆ, ಒಂದು ಪ್ಲಾಟ್ ಸಿಕ್ಕದ್ರಿ. ಇಪ್ಪತ್ತು-ಮೂವತ್ತು ಅದ. ಒಂದೂವರೆ ಲಕ್ಷಕ್ಕ ಕೊಡ್ತಾರಂತ. ಬ್ಯಾರೆ ಓಣ್ಯಾಗ ನಾಕು ಲಕ್ಷ ಹೇಳ್ತಾರ. ನಾಳಿಗೇ ಹತ್ತು ಸಾವಿರ ಸಂಚಕಾರ ಕೊಡ್ರಿ ಅಂದಾರ."

"ಎಲ್ಲಿ ಅದ?" ಅಂತ ಕೇಳಿದೆವು.

"ಊರ ಹೊರಗ ಹಳ್ಳದ ದಂಡಿಗ್ರಿ."

"ಅಷ್ಟು ಅಗ್ಗ ಯಾಕ ಕೊಡ್ತಾರ?"

ಅಕ್ಕ ಸುಮ್ಮನಾದಳು. ನಾವೆಲ್ಲ ಸುಮ್ಮನಾದೆವು. ಅಗ್ಗ ಇದ್ದದ್ದೆಲ್ಲ ಕೆಟ್ಟದ್ದಲ್ಲ. ಆದರೆ ಅಗ್ಗಕ್ಕೆ ಒಂದು ಕಾರಣ ಇರುತ್ತದೆ. ಆ ಕಾರಣ ತಿಳಿಯದೆ ರೊಕ್ಕ ಕೊಡಬಾರದು. "ನಾಕು ದಿನ ತಡಿಯವ್ವ. ಎಲ್ಲಾರೂ ಕೂಡಿ ನೋಡೋಣು" ಅಂದೆವು.

ನೀರು ಎಲ್ಲಿಂದ ಬರುತ್ತದೆ?

ನಮ್ಮ ಯಾದಗಿರಿ ಜಿಲ್ಲೆಯಲ್ಲಿ ಎರಡು ದೊಡ್ಡ ನದಿಗಳು ಇವೆ. ಯಾದಗಿರಿ ಪಕ್ಕದಲ್ಲಿ ಭೀಮಾ ಹರಿಯುತ್ತದೆ. ಸುರಪುರ, ಶಹಾಪುರದ ಕಡೆ ಕೃಷ್ಣಾ ಹರಿಯುತ್ತದೆ. ಮುಂದೆ ಭೀಮಾ ನದಿ ಕೃಷ್ಣೆಯನ್ನು ಕೂಡುತ್ತದೆ.

"ನಮ್ಮೂರಾಗ ಮಳಿನೇ ಇಲ್ಲ. ಹೊಳಿ ಹ್ಯಾಂಗ ಬರ್ತದ?" ಅಂತ ಕೆಲವರು ಕೇಳುತ್ತಾರೆ. ಹೊಳೆ ಬರಲಿಕ್ಕೆ ಮಳೆ ಇಲ್ಲೇ ಆಗಬೇಕಂತಿಲ್ಲ. ಮಳೆ ಮಹಾರಾಷ್ಟ್ರದಲ್ಲಿ ಆದರೂ ನೀರು ಇಲ್ಲಿಗೆ ಬರುತ್ತದೆ. ಭೀಮೆಗೆ ಉಜನಿ ಅಣೆಕಟ್ಟಿನಿಂದ ನೀರು ಬಿಡುತ್ತಾರೆ. ಕೃಷ್ಣೆಗೆ ಆಲಮಟ್ಟಿಯಿಂದ, ಆಮೇಲೆ ನಾರಾಯಣಪುರದ ಬಸವಸಾಗರದಿಂದ ಬಿಡುತ್ತಾರೆ.

ರೇಡಿಯೋದಲ್ಲಿ, ಟಿ.ವಿ.ಯಲ್ಲಿ "ಇಷ್ಟು ಲಕ್ಷ ಕ್ಯುಸೆಕ್ ನೀರು ಬಿಟ್ಟರು" ಅಂತ ಹೇಳುತ್ತಾರೆ. ಒಂದು ಕ್ಯುಸೆಕ್ ಅಂದರೆ ಒಂದು ಸೆಕೆಂಡಿಗೆ ಸುಮಾರು 28 ಲೀಟರ್. ಅಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಎರಡು ಕೊಡ ನೀರು. ಲಕ್ಷ ಕ್ಯುಸೆಕ್ ಅಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಎರಡು ಲಕ್ಷ ಕೊಡ!

ಹೊಳೆ ತುಂಬಿದಾಗ ಹಳ್ಳದ ನೀರು ಹೊಳೆಗೆ ಇಳಿಯುವುದಿಲ್ಲ. ಹಿಂದಕ್ಕೆ ಒತ್ತುತ್ತದೆ. ಆಗ ಹಳ್ಳದ ದಂಡೆಯ ಮನೆಗೆ ನೀರು ನುಗ್ಗುತ್ತದೆ. ಶಹಾಪುರ, ಸುರಪುರದಲ್ಲಿ ಗುಡ್ಡಗಳೂ ಇವೆ. ಬಂಡೆಯ ಮೇಲೆ ಬಿದ್ದ ಮಳೆ ಇಂಗುವುದಿಲ್ಲ. ತಗ್ಗಿನ ಓಣಿಗೆ ಓಡಿ ಬರುತ್ತದೆ.

2009ರಲ್ಲಿ ಸೆಪ್ಟೆಂಬರ್ ಕೊನೆಗೆ, ಅಕ್ಟೋಬರ್ ಮೊದಲಿಗೆ ದೊಡ್ಡ ನೆರೆ ಬಂತು. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿತು. ಶಹಾಪುರ ತಾಲೂಕಿನ ಕೊಳ್ಳೂರು ಸೇತುವೆ ಮುಳುಗಿತು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿತು. ಈ ವರ್ಷಗಳನ್ನು ನೆನಪಿಡಿ. ಪಾಠದ ಕೊನೆಗೆ ಮತ್ತೆ ಬೇಕಾಗುತ್ತವೆ.

ಜಾಗ ನೋಡೋಣ

ಮರುದಿನ ನಾವು ಐದು ಮಂದಿ ಆ ಜಾಗಕ್ಕೆ ಹೋದೆವು. ಬಿಸಿಲು ಇತ್ತು. ನೆಲ ಒಣಗಿತ್ತು. ಬಿಸಿಲಲ್ಲಿ ಎಲ್ಲಾ ಜಾಗವೂ ಚೆಂದ ಕಾಣುತ್ತದೆ. ಅದಕ್ಕೇ ನಾವು ನೆಲ ನೋಡಲಿಲ್ಲ. ಪಕ್ಕದ ಮನೆಯ ಗೋಡೆ ನೋಡಿದೆವು. ಗೋಡೆಯ ಮೇಲೆ ಸೊಂಟದ ಎತ್ತರಕ್ಕೆ ಒಂದು ಕೆಂಪು ಗೆರೆ ಇತ್ತು. ಅದು ನೀರು ನಿಂತ ಗುರುತು.

ಹೊಸ್ತಿಲ ಮೇಲೆ ಒಬ್ಬ ಆಯಿ ಕೂತಿದ್ದಳು. "ಆಯೀ, ಇಲ್ಲಿ ನೀರು ಬರ್ತದೇನು?" ಅಂತ ಕೇಳಿದೆವು.

"ಬರ್ತದವ್ವ. ಪ್ರತಿ ವರ್ಷ ಬರಂಗಿಲ್ಲ. ಬಂದ ವರ್ಷ ಜ್ವಾಳದ ಚೀಲ ತಲಿ ಮ್ಯಾಲ ಹೊತ್ಕೊಂಡು ಶಾಲಿಗೆ ಹೋಗ್ತೀವಿ. ಒಮ್ಮೆ ರಾತ್ರಿ ಬಂತು. ಕೂಸಿನ ತೊಟ್ಟಿಲ ತೇಲಿತ್ತು."

ಇಷ್ಟು ಸಾಕಾಯಿತು. ಮಾರುವವರು ಇದನ್ನು ಹೇಳಿರಲಿಲ್ಲ. ಜಾಗ ಕೊಳ್ಳುವ ಮುಂಚೆ ಅಲ್ಲಿಯ ಹೆಂಗಸರನ್ನು ಕೇಳಿರಿ. ಮನೆಯಲ್ಲಿ ನೀರು ನಿಂತರೆ ಕೆಸರು ಬಳಿಯುವವರು ಅವರೇ.

ಇನ್ನೊಂದು ಮಾತು ಮಣ್ಣಿನದು. ಆ ಜಾಗ ಎರಿ ಮಣ್ಣಿನದು. ಎರಿ ಮಣ್ಣು ಮಳೆಗೆ ಉಬ್ಬುತ್ತದೆ. ಬ್ಯಾಸಗಿಗೆ ಬಿರಿಯುತ್ತದೆ. ಬುನಾದಿ ಆಳ ಇಲ್ಲದಿದ್ದರೆ ಗೋಡೆ ಸೀಳುತ್ತದೆ. ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಓಣಿ ಹೇಗಿದೆ?

ಆ ಓಣಿಗೆ ಕೆಟ್ಟ ಹೆಸರು ಇತ್ತು. ಸಂಜೆ ಕದ್ದು ಸೆರೆ ಮಾರುತ್ತಾರೆ, ಜಗಳ ಆಗುತ್ತವೆ ಅಂತ ಜನ ಹೇಳುತ್ತಿದ್ದರು. ನಾವು ಹಗಲು ಒಮ್ಮೆ, ರಾತ್ರಿ ಎಂಟಕ್ಕೆ ಒಮ್ಮೆ ಹೋದೆವು. ಬೀದಿ ದೀಪ ಇರಲಿಲ್ಲ. ನಳ ದೂರ ಇತ್ತು. ಶೌಚಕ್ಕೆ ಹೆಂಗಸರು ಕತ್ತಲಲ್ಲಿ ಹಳ್ಳಕ್ಕೆ ಹೋಗುತ್ತಿದ್ದರು.

ಆದರೆ ಅಲ್ಲಿಯ ಜನ ಕೆಟ್ಟವರಲ್ಲ. ಅವರೂ ನಮ್ಮ ಹಾಗೇ ದುಡಿದು ತಿನ್ನುವವರು. ಬೇರೆ ಕಡೆ ಜಾಗ ಸಿಗದೆ ಅಲ್ಲಿ ಬಂದು ಕೂತವರು. ನೆರೆ ಬಂದಾಗ ಒಬ್ಬರ ಮಕ್ಕಳನ್ನು ಒಬ್ಬರು ಎತ್ತಿಕೊಂಡು ಓಡಿದವರು. ದೀಪ, ನಳ, ಗಟಾರ ಇಲ್ಲದಿರುವುದು ಅವರ ತಪ್ಪಲ್ಲ. ಆದರೂ ಅಕ್ಕನಿಗೆ ಹದಿಮೂರು ವರ್ಷದ ಮಗಳಿದ್ದಾಳೆ. ಅವಳು ಆ ಕತ್ತಲಲ್ಲಿ ಶಾಲೆಯಿಂದ ಬರಬೇಕು. ಇದನ್ನು ಯೋಚಿಸುವುದು ತಾಯಿಯ ಹಕ್ಕು.

ಕಾಗದ ಓದೋಣ

ನೀರಿಗಿಂತ ದೊಡ್ಡ ಅಪಾಯ ಇನ್ನೊಂದು ಇದೆ. ಅದು ಕಾಗದದ್ದು.

ಮಾರುವವರು "ಬಾಂಡ್ ಪೇಪರ್ ಮ್ಯಾಲ ಬರದು ಕೊಡ್ತೀವಿ. ಹೆಬ್ಬಟ್ಟು ಒತ್ತಿದ್ರ ಜಾಗ ನಿಂದು" ಅಂದಿದ್ದರು. ಈ ಮಾತು ನಿಜವಲ್ಲ. ನೂರು ರೂಪಾಯಿಗಿಂತ ಹೆಚ್ಚು ಬೆಲೆಯ ಜಾಗ ಕೊಂಡರೆ ಖರೀದಿ ಪತ್ರ ನೋಂದಣಿ ಆಗಲೇಬೇಕು. ಇದು 1908ರ ನೋಂದಣಿ ಕಾಯ್ದೆಯ ಮಾತು. ನಾವು ಅದನ್ನು ರಿಜಿಸ್ಟ್ರಿ ಅನ್ನುತ್ತೇವೆ. ಬರೀ ಮುಕ್ತಿಯಾರ ಪತ್ರ ಕೊಟ್ಟರೆ ಮಾಲೀಕತ್ವ ಬರುವುದಿಲ್ಲ ಅಂತ 2011ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ.

ರೊಕ್ಕ ಕೊಡುವ ಮುಂಚೆ ಈ ಕಾಗದ ನೋಡಿರಿ.

1. ಪಹಣಿ. ಜಮೀನು ಯಾರ ಹೆಸರಲ್ಲಿದೆ? ಅದರಲ್ಲಿ ಖರಾಬು ಎಷ್ಟಿದೆ? ಹಳ್ಳ, ದಾರಿ ಇರುವ ಖರಾಬು ಸರ್ಕಾರದ್ದು. ಅದನ್ನು ಯಾರೂ ಮಾರುವ ಹಾಗಿಲ್ಲ.

2. ಎನ್.ಎ. ಆದೇಶ. ಹೊಲ ಹೊಲವಾಗೇ ಇದ್ದರೆ ಅದರಲ್ಲಿ ಮನೆಯ ಪ್ಲಾಟು ಮಾಡುವ ಹಾಗಿಲ್ಲ. ಮೊದಲು ಬಿನ್‌ಶೇತ್ಕಿ ಆಗಬೇಕು.

3. ಖಾತೆ. ಹಳ್ಳಿಯಾದರೆ ಪಂಚಾಯತಿಯ ಇ-ಸ್ವತ್ತು ನಮೂನೆ 9 ಮತ್ತು 11. ಪಟ್ಟಣವಾದರೆ ನಗರಸಭೆಯ ಇ-ಖಾತೆ. ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ನಗರಸಭೆ ಇದೆ.

4. ಇ.ಸಿ., ಅಂದರೆ ಋಣಭಾರ ಪತ್ರ. ಜಾಗ ಮೊದಲೇ ಯಾರಿಗಾದರೂ ಮಾರಿದ್ದಾರಾ? ಸಾಲಕ್ಕೆ ಇಟ್ಟಿದ್ದಾರಾ? ಇದರಲ್ಲಿ ತಿಳಿಯುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುತ್ತದೆ.

5. ಪಾಲುದಾರರ ಸಹಿ. ಹಿರಿಯರ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮ ಪಾಲು ಇದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆಗಿದೆ. ಮಾರುವವರ ಅಕ್ಕತಂಗಿಯರು ಸಹಿ ಮಾಡದಿದ್ದರೆ ನಾಳೆ ಅವರು ಕೋರ್ಟಿಗೆ ಹೋಗಬಹುದು. ನಮ್ಮ ಪಾಲು ನಮಗೆ ಬೇಕು ಅನ್ನುವವರು ನಾವು. ಅವರ ಪಾಲನ್ನೂ ನಾವು ಗೌರವಿಸಬೇಕು.

6. ಸರ್ಕಾರ ಕೊಟ್ಟ ಜಮೀನಾ? ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅಪ್ಪಣೆ ಇಲ್ಲದೆ ಕೊಳ್ಳುವ ಹಾಗಿಲ್ಲ. 1978ರ ಕಾಯ್ದೆ ಹೀಗೆ ಹೇಳುತ್ತದೆ. ಕೊಂಡವರ ಕೈಯಿಂದ ಜಾಗ ವಾಪಸು ಹೋಗಬಹುದು.

ಕಾಗದ ತಿಳಿಯದಿದ್ದರೆ ನಾಚಿಕೆ ಬೇಡ. ಹೆಂಗಸರಿಗೆ ಕಾನೂನಿನ ನೆರವು ಪುಕ್ಕಟೆ ಸಿಗುತ್ತದೆ. ಆದಾಯ ಎಷ್ಟೇ ಇರಲಿ, ಸಿಗುತ್ತದೆ. ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. ಅಲ್ಲಿ ಹೋಗಿ ಕೇಳಿರಿ. 15100 ಈ ನಂಬರಿಗೆ ಫೋನ್ ಕೂಡ ಮಾಡಬಹುದು.

ಲೆಕ್ಕ ಮಾಡೋಣ

ಈಗ ಹಲಗೆ ತಗೊಳ್ಳಿ. ಇವು ನಾವು ಪಾಠಕ್ಕೆ ಹಿಡಿದ ಅಂಕಿಗಳು. ನಿಮ್ಮ ಊರಿನ ದರ ಕೇಳಿ ಬದಲು ಮಾಡಿಕೊಳ್ಳಿ.

ಪ್ಲಾಟಿನ ಬೆಲೆ: 1,50,000
ಮೊರಂ ಹಾಕಿ ಜಾಗ ಎತ್ತರ ಮಾಡಲು: 40,000
ಆಳದ ಬುನಾದಿ, ಎತ್ತರದ ಕಟ್ಟೆಗೆ ಹೆಚ್ಚಿನ ಖರ್ಚು: 60,000
ಒಮ್ಮೆ ನೆರೆ ಬಂದರೆ ಕಾಳು, ಹಾಸಿಗೆ, ಗೋಡೆ ರಿಪೇರಿ: 50,000
ಒಟ್ಟು: 3,00,000 ರೂಪಾಯಿ

ಬೇರೆ ಓಣಿಯಲ್ಲಿ 4,00,000. ಅಂದರೆ ಹಳ್ಳದ ಜಾಗ ಇನ್ನೂ ಒಂದು ಲಕ್ಷ ಅಗ್ಗ. ಹೌದು, ಅಗ್ಗವೇ. ಇದನ್ನು ಮುಚ್ಚಿಡಬಾರದು. ಮೂರು ಸಲ ನೆರೆ ಬಂದರೆ ಎರಡೂ ಸಮ ಆಗುತ್ತವೆ. ಅದಕ್ಕೇ ಕೆಲವರು ಎಲ್ಲಾ ತಿಳಿದೇ ಅಲ್ಲಿ ಕೊಳ್ಳುತ್ತಾರೆ. ಅವರು ದಡ್ಡರಲ್ಲ.

ಆದರೆ ಎರಡು ಮಾತು ಈ ಲೆಕ್ಕದಲ್ಲಿ ಇಲ್ಲ. ಒಂದು, ಜೀವ. ರಾತ್ರಿ ನೀರು ಬಂದರೆ ಕೂಸು, ಮುದುಕರು, ಬಸುರಿ ಹೇಗೆ ಓಡಬೇಕು? ಇನ್ನೊಂದು, ಕಾಗದ. ಕಾಗದ ಸುಳ್ಳಾದರೆ ಜಾಗವೂ ಹೋಗುತ್ತದೆ, ಕಟ್ಟಿದ ಮನೆಯೂ ಹೋಗುತ್ತದೆ. ಸರಿಯಾದ ಕಾಗದ ಇಲ್ಲದ ಜಾಗಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ. ಮನೆ ಬಿದ್ದರೆ ಪರಿಹಾರ ಕೇಳಲಿಕ್ಕೂ ಕಷ್ಟ. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಗೊತ್ತು ಮಾಡಿತ್ತು. ಮನೆ ನಮ್ಮದು ಅಂತ ತೋರಿಸಲು ಕಾಗದ ಬೇಕಲ್ಲವೇ?

ಹೀಗೆ ನೆನಪಿಡೋಣ: ಕಾಗದ ಸರಿ ಇದ್ದು ನೀರಿನ ಭಯ ಇದ್ದರೆ, ಲೆಕ್ಕ ಮಾಡಿ ಯೋಚಿಸಬಹುದು. ಕಾಗದವೇ ಸರಿ ಇಲ್ಲದಿದ್ದರೆ, ಎಷ್ಟು ಅಗ್ಗ ಇದ್ದರೂ ಬೇಡ.

ಈಗಾಗಲೇ ಅಲ್ಲಿ ಇದ್ದವರು

ನಮ್ಮ ಓದುಗರಲ್ಲಿ ಕೆಲವರು ಹಳ್ಳದ ದಂಡೆಯಲ್ಲೇ ಇದ್ದೀರಿ. ನಿಮಗೆ ಹೆದರಿಸಲು ಈ ಪಾಠ ಬರೆದಿಲ್ಲ. ನೀವು ಹೀಗೆ ಮಾಡಿರಿ. ಪಹಣಿ, ಖಾತೆ, ರೇಷನ್ ಕಾರ್ಡು, ಆಧಾರ್, ಮಕ್ಕಳ ಅಂಕಪಟ್ಟಿ ಎಲ್ಲಾ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎತ್ತರಕ್ಕೆ ಇಡಿರಿ. ಕಾಳನ್ನು ಅಟ್ಟದ ಮೇಲೆ ಇಡಿರಿ. ಯಾವ ದಾರಿಯಿಂದ ಯಾವ ಶಾಲೆಗೆ ಹೋಗಬೇಕು ಅಂತ ಮಕ್ಕಳಿಗೆ ಮೊದಲೇ ತೋರಿಸಿರಿ. ಹರಿಯುವ ನೀರಿನ ಸೇತುವೆ ದಾಟಬೇಡಿರಿ. ಜಿಲ್ಲೆಯ ವಿಪತ್ತಿನ ಸಹಾಯವಾಣಿ 1077. ಓಣಿಯ ಹೆಂಗಸರೆಲ್ಲ ಕೂಡಿ ದೀಪ, ಗಟಾರ, ತಡೆಗೋಡೆಗೆ ಅರ್ಜಿ ಬರೆಯಿರಿ. ಈಗ ನಿಮಗೆ ಬರೆಯಲು ಬರುತ್ತದೆ. ಅರ್ಜಿಯ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.

ಅಕ್ಕ ಏನು ಮಾಡಿದಳು?

ಅಕ್ಕ ಪಹಣಿ ತರಿಸಿದಳು. ನಮ್ಮ ಮುಂದೆ ಕೂತು, ಬೆರಳಿಟ್ಟು, ಒಂದೊಂದೇ ಅಕ್ಷರ ಓದಿದಳು. ಜಾಗ ಇನ್ನೂ ಹೊಲವೇ ಆಗಿತ್ತು. ಎನ್.ಎ. ಆಗಿರಲಿಲ್ಲ. ಮಾರುವವರ ಇಬ್ಬರು ಅಕ್ಕಂದಿರ ಸಹಿ ಇರಲಿಲ್ಲ. "ರಿಜಿಸ್ಟ್ರಿ ಮಾಡಿ ಕೊಡ್ರಿ, ಆಮ್ಯಾಲ ರೊಕ್ಕ ಕೊಡ್ತೀನಿ" ಅಂದಳು. ಅವರು ಒಪ್ಪಲಿಲ್ಲ. ಅಕ್ಕ ಸಂಚಕಾರ ಕೊಡಲಿಲ್ಲ.

ಜಾಗವನ್ನು ಬೇರೆ ಯಾರೋ ಕೊಂಡರು. ಆ ವರ್ಷ ಹಳ್ಳ ಬರಲಿಲ್ಲ. ಒಂದು ದಿನ ಅಕ್ಕ ಬೇಜಾರದಿಂದ ಕೇಳಿದಳು: "ನೀರು ಬರ್ಲೇ ಇಲ್ಲಲ್ರಿ ಅಕ್ಕೋರೆ. ನಾ ತಪ್ಪು ಮಾಡಿದ್ನೇನು?"

ನಾವು ಹಲಗೆಯ ಮೇಲೆ ಬರೆದೆವು: 2009, 2019, 2020. ಅವಳೇ ಲೆಕ್ಕ ಮಾಡಿದಳು. ಮೊದಲ ಎರಡರ ನಡುವೆ ಹತ್ತು ವರ್ಷ. ಆಮೇಲೆ ಒಂದೇ ವರ್ಷ. ಒಂದು ವರ್ಷ ಬರಲಿಲ್ಲ ಅಂದರೆ ಮುಂದೆ ಬರುವುದಿಲ್ಲ ಅಂತ ಅಲ್ಲ. ಮಳೆ ಬಂದರೂ ಬರದಿದ್ದರೂ ಕಾಗದದ ತಪ್ಪು ಹಾಗೇ ಇರುತ್ತದೆ.

ಅಕ್ಕ ಇನ್ನೂ ಬಾಡಿಗೆ ಮನೆಯಲ್ಲೇ ಇದ್ದಾಳೆ. ಅದು ನಮಗೂ ಸಂಕಟವೇ. ಆದರೆ ಮೂರು ವರ್ಷದ ಬೆವರಿನ ರೊಕ್ಕ ಅವಳ ಹೆಸರಲ್ಲಿ ಬ್ಯಾಂಕಿನಲ್ಲಿದೆ. "ಮುಂದ ಕೊಳ್ಳೋ ಜಾಗದ ಕಾಗದದಾಗ ನನ್ನ ಹೆಸರೂ ಇರಬೇಕು. ಸಹಿ ನಾನೇ ಮಾಡ್ತೀನಿ, ಓದಿ ಮಾಡ್ತೀನಿ" ಅನ್ನುತ್ತಾಳೆ.

ಹೊಸ ಪದಗಳು

ಸಂಚಕಾರ: ಮುಂಗಡ ರೊಕ್ಕ
ಬಿನ್‌ಶೇತ್ಕಿ: ಹೊಲವನ್ನು ಮನೆ ಕಟ್ಟಲು ಬದಲಿಸಿದ್ದು, ಎನ್.ಎ.
ಖರಾಬು: ಬೆಳೆ ಬಾರದ ನೆಲ
ಮುಕ್ತಿಯಾರ ಪತ್ರ: ನನ್ನ ಪರವಾಗಿ ಕೆಲಸ ಮಾಡು ಅಂತ ಬರೆದುಕೊಡುವ ಕಾಗದ

ಮಾತಾಡಿರಿ, ಬರೆಯಿರಿ

1. ನಿಮ್ಮ ಊರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು? ಹಿರಿಯರನ್ನು ಕೇಳಿ ಬರೆಯಿರಿ.
2. ನಿಮ್ಮ ಮನೆಯ ಕಾಗದ ಯಾರ ಹೆಸರಲ್ಲಿದೆ? ಹೊರಗೆ ತೆಗೆದು ಓದಿರಿ.
3. ಅಕ್ಕನ ಜಾಗದಲ್ಲಿ ನೀವು ಇದ್ದರೆ ಏನು ಮಾಡುತ್ತಿದ್ದಿರಿ? ಯಾಕೆ?
4. ನಿಮ್ಮ ಓಣಿಗೆ ಬೀದಿ ದೀಪ ಬೇಕು ಅಂತ ನಗರಸಭೆಗೆ ಅಥವಾ ಪಂಚಾಯತಿಗೆ ಐದು ಸಾಲಿನ ಅರ್ಜಿ ಬರೆಯಿರಿ.