ಸೈಕಲ್ಲು ನಮ್ಮ ಅಳತೆಗೆ ಇರಲಿ

ರತ್ನಮ್ಮ ದಿನಾ ಬೆಳಿಗ್ಗೆ ಡೈರಿಗೆ ಹಾಲು ಹಾಕುತ್ತಾಳೆ. ಡೈರಿ 2 ಕಿಲೋಮೀಟರ್ ದೂರ. ಮೊದಲು ನಡೆದೇ ಹೋಗುತ್ತಿದ್ದಳು. ಈಗ ಮಗಳು ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಾಳೆ. ಮಗಳ ಸೈಕಲ್ಲು ಮನೆಯಲ್ಲೇ ನಿಂತಿತ್ತು. ರತ್ನಮ್ಮ ಅದರಲ್ಲಿ ಸೈಕಲ್ ಕಲಿತಳು.

ಒಂದು ವಾರ ಆಯಿತು. ಅಂಗೈ ಜೋಮು ಹಿಡಿಯಿತು. ಮಣಿಕಟ್ಟು, ಕುತ್ತಿಗೆ, ಸೊಂಟ ನೋಯತೊಡಗಿದವು.

"ಹೆಂಗಸರಿಗೆ ಯಾಕೆ ಬೇಕಿತ್ತು ಈ ಸೈಕಲ್ಲು?" ಎಂದು ಅತ್ತೆ ಗೊಣಗಿದರು. ರತ್ನಮ್ಮನಿಗೂ ಹಾಗೇ ಅನ್ನಿಸಿತು. ಸೈಕಲ್ಲನ್ನು ಗೋಡೆಗೆ ಒರಗಿಸಿಬಿಟ್ಟಳು.

ಸಂಜೆ ಕಲಿಕಾ ಕೇಂದ್ರದಲ್ಲಿ ಈ ಮಾತು ಬಂತು. ಟೀಚರು ಸೈಕಲ್ ತರಿಸಿದರು.

"ರತ್ನಕ್ಕ, ಹತ್ತಿ ಕೂತ್ಕೊಳ್ಳಿ, ನೋಡೋಣ" ಎಂದರು.

ರತ್ನಮ್ಮ ಕೂತಳು. ಬೆನ್ನು ಬಿಲ್ಲಿನ ಹಾಗೆ ಬಾಗಿತು.

"ನೋಡಿ, ತಪ್ಪು ನಿಮ್ಮದಲ್ಲ. ಸೈಕಲ್ಲು ಮಗಳ ಅಳತೆಗೆ ಇದೆ. ನೀವು ಅವಳಿಗಿಂತ ಎತ್ತರ. ಹ್ಯಾಂಡಲ್ ನಿಮಗೆ ತಗ್ಗಾಗಿದೆ. ಮೈಭಾರ ಎಲ್ಲಾ ಅಂಗೈ ಮೇಲೆ ಬೀಳುತ್ತೆ. ಮಗಳ ರವಿಕೆ ನಿಮಗೆ ಆಗುತ್ತಾ? ಹೊಲಿಗೆ ಬಿಚ್ಚಿ ಸರಿ ಮಾಡ್ಕೋತೀರಲ್ಲ? ಇದೂ ಹಾಗೇ."

ಎಲ್ಲರೂ ನಕ್ಕರು. ಕೆಲಸ ಶುರುವಾಯಿತು.

ಮೊದಲು ಸೀಟು

ಸೀಟಿನ ಕೆಳಗಿನ ನಟ್ಟು ಸಡಿಲಿಸಿ. ಒಂದು ಪೆಡಲನ್ನು ಪೂರ್ತಿ ಕೆಳಗೆ ತನ್ನಿ. ಸೀಟಿನ ಮೇಲೆ ಕೂತು ಪೆಡಲಿನ ಮೇಲೆ ಹಿಮ್ಮಡಿ ಇಡಿ. ಆಗ ಕಾಲು ನೆಟ್ಟಗಾಗಬೇಕು. ಅದೇ ಸರಿಯಾದ ಎತ್ತರ. ಹೊಸದಾಗಿ ಕಲಿಯುವವರು ಪಾದ ನೆಲಕ್ಕೆ ಸಿಗುವಷ್ಟು ತಗ್ಗಿಸಿಕೊಳ್ಳಲಿ.

ಆಮೇಲೆ ಹ್ಯಾಂಡಲ್

1. ಹ್ಯಾಂಡಲಿನ ನಡುವೆ, ಮೇಲ್ಗಡೆ ಒಂದು ಬೋಲ್ಟು ಇದೆ. ಸ್ಪ್ಯಾನರಿನಿಂದ 3-4 ಸುತ್ತು ಸಡಿಲಿಸಿ. ಪೂರ್ತಿ ಬಿಚ್ಚಬೇಡಿ.
2. ಬೋಲ್ಟಿನ ಮೇಲೆ ಮರದ ತುಂಡು ಇಡಿ. ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ. ಒಳಗಿನ ಹಿಡಿತ ಬಿಡುತ್ತದೆ.
3. ಮುಂದಿನ ಚಕ್ರವನ್ನು ಮಂಡಿಗಳ ನಡುವೆ ಹಿಡಿಯಿರಿ. ಹ್ಯಾಂಡಲನ್ನು ಆಚೀಚೆ ತಿರುಗಿಸುತ್ತಾ ಮೇಲೆತ್ತಿ. ಸೀಟಿನ ಮಟ್ಟಕ್ಕೆ, ಅಥವಾ ಸ್ವಲ್ಪ ಮೇಲೆ ಇರಲಿ.
4. ಹ್ಯಾಂಡಲ್ ಚಕ್ರಕ್ಕೆ ನೇರವಾಗಿ ನಿಲ್ಲಲಿ. ಬೋಲ್ಟು ಬಿಗಿ ಮಾಡಿ.
5. ಮತ್ತೆ ಚಕ್ರವನ್ನು ಮಂಡಿಗಳಲ್ಲಿ ಹಿಡಿದು ಹ್ಯಾಂಡಲ್ ತಿರುಗಿಸಿ ನೋಡಿ. ಅಲುಗಿದರೆ ಇನ್ನೂ ಬಿಗಿ ಮಾಡಿ.

ರತ್ನಮ್ಮ ಹ್ಯಾಂಡಲ್ ಎತ್ತುತ್ತಲೇ ಇದ್ದಳು. "ಇನ್ನೂ ಎತ್ತಲಾ?"

"ಸಾಕು, ನಿಲ್ಲಿಸಿ! ಹ್ಯಾಂಡಲಿನ ಕೊಳವೆ ಮೇಲೆ ಏನಿದೆ?"

"ಒಂದು ಗೆರೆ ಕಾಣ್ತಿದೆ."

"ಆ ಗೆರೆ ಹೊರಗೆ ಕಾಣಬಾರದು. ಕಂಡರೆ ಒಳಗೆ ಹಿಡಿತ ಸಾಲದು ಅಂತ ಅರ್ಥ. ಓಡಿಸುವಾಗ ಹ್ಯಾಂಡಲ್ ಕಿತ್ತು ಕೈಗೆ ಬರಬಹುದು."

ರತ್ನಮ್ಮ ಗೆರೆ ಮುಚ್ಚುವಷ್ಟು ಕೆಳಗಿಳಿಸಿದಳು. ಸೀಟಿನ ಕೊಳವೆಗೂ ಇಂಥದ್ದೇ ಗೆರೆ ಇರುತ್ತದೆ. ಹ್ಯಾಂಡಲಿಗೆ ಗೆರೆ ಇಲ್ಲದಿದ್ದರೆ ನಾಲ್ಕು ಬೆರಳಗಲದಷ್ಟು ಕೊಳವೆ ಒಳಗಿರಲಿ.

ನೆನಪಿಡಿ

ಹ್ಯಾಂಡಲ್ ಎತ್ತಿದರೆ ಬ್ರೇಕಿನ ಕಡ್ಡಿ ಅಥವಾ ವಯರು ಎಳೆದುಕೊಳ್ಳಬಹುದು. ಓಡಿಸುವ ಮೊದಲು ಎರಡೂ ಬ್ರೇಕು ಹಿಡಿದು ನೋಡಿ. ಚಕ್ರ ತಿರುಗಿಸಿ ನೋಡಿ.

ಹಾಲಿನ ಕ್ಯಾನು ಹ್ಯಾಂಡಲಿಗೆ ತೂಗುಹಾಕಬೇಡಿ. ಅದು ಒಂದು ಕಡೆಗೆ ಎಳೆಯುತ್ತದೆ. ಕ್ಯಾರಿಯರಿಗೆ ಕಟ್ಟಿ.

ಕೆಲವು ಹೊಸ ಸೈಕಲ್ಲುಗಳ ಹ್ಯಾಂಡಲ್ ಹೀಗೆ ಏರುವುದಿಲ್ಲ. ಅದನ್ನು ಸೈಕಲ್ ಶಾಪಿನಲ್ಲಿ ತೋರಿಸಿ. ಮೋಟಾರ್ ಬೈಕಿನ ಹ್ಯಾಂಡಲಿನಲ್ಲಿ ಕ್ಲಚ್ಚು, ಆಕ್ಸಿಲರೇಟರ್ ವಯರುಗಳೂ ಇರುತ್ತವೆ. ಅದನ್ನು ಮೆಕ್ಯಾನಿಕ್ ಕೈಲೇ ಸರಿ ಮಾಡಿಸಿ.

ಈಗ ರತ್ನಮ್ಮ ಮತ್ತೆ ಹತ್ತಿದಳು. ಬೆನ್ನು ನೆಟ್ಟಗಾಯಿತು. ಮೊಣಕೈ ಸ್ವಲ್ಪ ಮಡಿಚಿತ್ತು. ಮಣಿಕಟ್ಟು ನೇರವಾಗಿತ್ತು.

ಟೀಚರು ಒಂದು ಸಂಗತಿ ಹೇಳಿದರು. ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ 1991-92ರಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಅಕ್ಷರದ ಜೊತೆಗೆ ಸಾವಿರಾರು ಹೆಂಗಸರು ಸೈಕಲ್ಲನ್ನೂ ಕಲಿತರು. ಜನ ಆಡಿಕೊಂಡರೂ ಅವರು ಬಿಡಲಿಲ್ಲ.

ಮೂರ್ನಾಲ್ಕು ದಿನದಲ್ಲಿ ರತ್ನಮ್ಮನ ಕೈನೋವು ಇಳಿಯಿತು. ಒಂದು ಬೆಳಿಗ್ಗೆ ಅತ್ತೆ ಬಾಗಿಲಿಗೆ ಬಂದರು.

"ಹೆಂಗೂ ಸೈಕಲ್ಲಲ್ಲಿ ಹೋಗ್ತೀಯಲ್ಲ. ಬರುವಾಗ ನನ್ನ ಮಾತ್ರೆ ತಗೊಂಡು ಬಾ" ಎಂದರು.

ಉತ್ತರ ಹೇಳಿ

1. ರತ್ನಮ್ಮನ ಕೈ ಏಕೆ ನೋಯುತ್ತಿತ್ತು?
2. ಕೊಳವೆಯ ಗೆರೆ ಹೊರಗೆ ಕಂಡರೆ ಏನಾಗಬಹುದು?
3. ನಿಮ್ಮ ಮನೆಯಲ್ಲಿ ನಿಮ್ಮ ಅಳತೆಗೆ ಇಲ್ಲದ ವಸ್ತು ಯಾವುದು? ಅದನ್ನು ಹೇಗೆ ಸರಿ ಮಾಡಬಹುದು?

ಓದಿ, ಬರೆಯಿರಿ

ಹ್ಯಾಂಡಲ್, ಬೋಲ್ಟು, ಸ್ಪ್ಯಾನರ್, ಬ್ರೇಕು, ಗೆರೆ, ಅಳತೆ.